ಎಮ್ಮೆದೊಡ್ಡಿಯ ಹಾದಿಯಲ್ಲಿ ಪಂದ್ಯದ ಗಾಡಿ

ನಮ್ಮ ನಾಡಿನ ಊರುಗಳ ಹೆಸರುಗಳಲ್ಲಿ ಹಿಂದಿನವರ ಬಾಳುವೆಯ ಗುರುತುಗಳು ಎಷ್ಟೋ ಉಳಿದುಕೊಂಡಿರುವುವು. ದೊಡ್ಡಿಯೆಂದರೆ ದನಗಳನ್ನು ಕೂಡುವ ಆವರಣವೆಂಬುದು ಎಲ್ಲರಿಗೂ ತಿಳಿದ ಮಾತು. ಕಡೂರು ತಾಲ್ಲೂಕಿನ ಪಶ್ಚಿಮಕ್ಕೆ, ಬಾಬಾಬುಡನ್ ಗಿರಿಶ್ರೇಣಿಯು ಮೋಡದ ಅಂಚಿನಂತೆ ಕಾಣುವ ಬಯಲಿನಲ್ಲಿ, ಎಮ್ಮೆದೊಡ್ಡಿ ಎಂಬ ಹೆಸರಿನ ಊರೊಂದಿರುವುದು. ಎಮ್ಮೆಯಾದರೋ ಮಂದಗತಿಗೆ ಹೆಸರಾದ ಪ್ರಾಣಿ. ಅಂಥ ಹೆಸರಿನ ಊರಿಗೆ, ಗಂಟೆಗೆ ನೂರೈವತ್ತು ಕಿಲೋಮೀಟರು ಓಡಬಲ್ಲ ಪಂದ್ಯದ ಜಾತಿಯ ಮೋಟಾರು ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ಹೋಗಿಬರುವ ಯೋಗವು ನಮಗೆ ಒದಗಿತು. ಆ ಪ್ರಯಾಣದ ವಿಷಯವನ್ನೂ, ಅದರಿಂದ ಮನಸ್ಸಿನಲ್ಲಿ ಹುಟ್ಟಿದ ಆಲೋಚನೆಗಳನ್ನೂ ಮನೆವಂತರಾದ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಪ್ರಯಾಣದ ಕಾರಣವನ್ನು ಮೊದಲು ಹೇಳುವುದು ಯುಕ್ತ. ಕಡೂರಿನಲ್ಲಿರುವ ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಎರಡು ವರ್ಷ ಸಂಬಳದಲ್ಲಿ ಉಳಿಸಿದ ಹಣದಿಂದ ಇಂಥದೊಂದು ಗಾಡಿಯನ್ನು ಕೊಳ್ಳಬೇಕೆಂದು ಅವನ ಹಟ. ಕೊಳ್ಳಕೂಡದೆಂದು ತಾಯಿಯ ಹಟ. ಕಡೆಗೆ ಆತನು ಸ್ನೇಹಿತನೊಬ್ಬನ ಗಾಡಿಯನ್ನು ನಾಲ್ಕು ದಿನದ ಮಟ್ಟಿಗೆ ಕೇಳಿ ತಂದು, "ಮಾವ, ನೀವೇ ಒಂದು ಸಾರಿ ಕೂತು ನೋಡಿ. ಆಮೇಲೆ ಅಮ್ಮನಿಗೆ ಏನು ಹೇಳುತ್ತೀರೋ ಅದಕ್ಕೆ ನಾನು ಒಪ್ಪುತ್ತೇನೆ" ಎಂದನು. ತಂಗಿಯು, "ಅಣ್ಣಾ, ನೀನು ಹೂಂ ಎಂದರೆ ನನ್ನ ಬಾಯಿ ಕಟ್ಟಿತು. ಯೋಚಿಸಿ ಹೇಳು" ಎಂದಳು. ಹೀಗೆ ನ್ಯಾಯಾಧೀಶನ ಪದವಿಯು ಕೇಳದೆಯೇ ನಮ್ಮ ಕೊರಳಿಗೆ ಬಿದ್ದಿತು. ಎಮ್ಮೆದೊಡ್ಡಿಯ ಕಡೆ ನಮ್ಮ ಬಂಧುಗಳ ಜಮೀನಿರುವುದರಿಂದ ಹೋಗಿಬರುವ ದಾರಿಯನ್ನು ಹುಡುಕಬೇಕಾಗಿರಲಿಲ್ಲ.

ಹೊರಡುವುದಕ್ಕೆ ಮುಂಚೆ ಆ ಸೀಮೆಯ ವಿಷಯವಾಗಿ ಎರಡು ಮಾತು. ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲು ಸೀಮೆಯು ಬಹು ಹಿಂದಿನಿಂದಲೂ ಅಮೃತಮಹಲ್ ಕಾವಲುಗಳಿಗೆ ಪ್ರಸಿದ್ಧವಾದುದು. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಾಲು ಬೆಣ್ಣೆಗಳಿಗಾಗಿಯೂ ತಳಿಯ ರಕ್ಷಣೆಗಾಗಿಯೂ 'ಬೆಣ್ಣೆ ಚಾವಡಿ'ಯೆಂಬ ಇಲಾಖೆಯನ್ನು ಏರ್ಪಡಿಸಿದರು. ಅದಕ್ಕೆ ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನನು. ಈ ತಳಿಯ ಎತ್ತುಗಳು ಭಾರ ಹೊರುವುದಕ್ಕಿಂತ ಹೆಚ್ಚಾಗಿ ವೇಗಕ್ಕೂ ತಾಳಿಕೆಗೂ ಹೆಸರಾದುವು; ಫಿರಂಗಿಗಳನ್ನೆಳೆದುಕೊಂಡು ಕುದುರೆಯ ದಂಡಿನೊಡನೆ ಸಾಗಬಲ್ಲವಾಗಿದ್ದುವು. ಹೈದರಾಲಿಯು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಇತಿಹಾಸಕಾರರು ಬರೆದಿರುವರು. 1799ರ ತರುವಾಯ ಈ ಮಂದೆಗಳು ಆಂಗ್ಲರ ಕೈಗೆ ಹೋದುವು. ಖರ್ಚು ಹೆಚ್ಚೆಂದು 1860ರಲ್ಲಿ ಅವನ್ನು ಮಾರಿಬಿಟ್ಟರು; ಆಮೇಲೆ ದಂಡಿಗೆ ತಕ್ಕ ಎತ್ತುಗಳು ದೊರೆಯದೆ 1866ರಲ್ಲಿ ಮಂದೆಯನ್ನು ಹೊಸದಾಗಿ ಕಟ್ಟಬೇಕಾಯಿತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರವು 1929ರಲ್ಲಿ ಸ್ಥಾಪಿತವಾದುದು. ವೇಗಕ್ಕಾಗಿ ಬೆಳೆಸಿದ ಪ್ರಾಣಿಯು ರೈತನ ಮನೆಗೆ ಬಂದು ನೇಗಿಲು ಗಾಡಿಗಳಿಗೆ ಹೊಂದಿಕೊಂಡ ಕಥೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಹತ್ತಿದ ಯಂತ್ರದ ಕಥೆಯೂ ಹೆಚ್ಚುಕಡಿಮೆ ಇದೇ.

ಆ ಯಂತ್ರವನ್ನು ನಮ್ಮ ಅಳಿಯನು ಅಂಗಳದಲ್ಲಿ ನಿಲ್ಲಿಸಿ ಅದರ ಅಂಗಾಂಗಗಳನ್ನು ನಮಗೆ ವಿವರಿಸಿದನು. ಸಾಮಾನ್ಯ ಮೋಟಾರು ಸೈಕಲ್ಲಿನಲ್ಲಿ ಸವಾರನು ಕುರ್ಚಿಯ ಮೇಲೆ ಕುಳಿತಂತೆ ನೆಟ್ಟಗೆ ಕೂರುವನು. ಇದರಲ್ಲಾದರೋ ಹಿಡಿಗಳು ತಗ್ಗಿನಲ್ಲಿ, ಕಾಲೂರುವ ಮೆಟ್ಟಿಲುಗಳು ಹಿಂದಕ್ಕೆ. ಸವಾರನು ಟ್ಯಾಂಕಿನ ಮೇಲೆ ಬಾಗಿಯೇ ಕೂರಬೇಕು. ಕಾರಣವಿಲ್ಲದೆ ಹೀಗೆ ಮಾಡಿದ್ದಲ್ಲ. ವೇಗವು ಎರಡರಷ್ಟಾದರೆ ಎದುರು ಗಾಳಿಯ ತಡೆಯು ನಾಲ್ಕರಷ್ಟಾಗುವುದು. ಅದನ್ನು ಸೀಳಿ ಹೋಗಲು ಬೇಕಾಗುವ ಶಕ್ತಿಯು ಎಂಟರಷ್ಟು. ಆದುದರಿಂದ ಎಂಜಿನ್ನನ್ನು ದೊಡ್ಡದು ಮಾಡುವುದಕ್ಕಿಂತ ಮೈಯನ್ನು ಬಗ್ಗಿಸುವುದು ಅಗ್ಗವೆಂದು ಪಂದ್ಯದವರು ಬಹು ಹಿಂದೆಯೇ ಕಂಡುಕೊಂಡರು. ಗಾಡಿಗೆ ಹೊದಿಸಿದ ನುಣುಪಾದ ಕವಚವೂ ಇದೇ ಕಾರಣದಿಂದ ಬಂದುದು.

ಇಂಥ ಗಾಡಿಗಳು ಪರದೇಶದಿಂದಲೇ ಬರಬೇಕೆಂಬ ಕಾಲವು ಈಗ ಇಲ್ಲ. ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿ ಗಾಡಿಗಳ ಸದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಕನ್ನಡದ ಮಾತು ಇಂದಿಗೂ ಕೇಳಿಬರುವ ಗಡಿಯೂರಾದ ಹೊಸೂರಿನಲ್ಲಿ ಟಿವಿಎಸ್ ಸಂಸ್ಥೆಯ ಕಾರ್ಖಾನೆಯಿರುವುದು. ಆ ಸಂಸ್ಥೆಯವರು 1982ರಲ್ಲಿಯೇ ಪಂದ್ಯಗಳಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದರು. ಅಲ್ಲಿ ಕಲಿತ ವಿದ್ಯೆಯನ್ನು ಸೇರಿಸಿ 2017ರ ಡಿಸೆಂಬರಿನಲ್ಲಿ ಅಪಾಚೆ ಆರ್‌ಆರ್ 310 ಎಂಬ ಗಾಡಿಯನ್ನು ಮಾರುಕಟ್ಟೆಗೆ ತಂದರು. ಅದರದು 312 ಸಿಸಿ ಅಳತೆಯ ಒಂದೇ ಸಿಲಿಂಡರಿನ ಎಂಜಿನ್. ಮೊದಲು 34 ಅಶ್ವಶಕ್ತಿಯಿದ್ದುದು 2024ರ ಮಾದರಿಯಲ್ಲಿ 38ಕ್ಕೆ ಏರಿರುವುದು. ಈ ಎಂಜಿನ್ನನ್ನು ಸಾಮಾನ್ಯ ಪದ್ಧತಿಗೆ ವಿರುದ್ಧವಾಗಿ ಹಿಂದಕ್ಕೆ ವಾಲಿಸಿ ಕೂರಿಸಿರುವರು. ಗಾಳಿಯು ಮುಂದಿನಿಂದ ಒಳಹೊಕ್ಕು ಹೊಗೆಯು ಹಿಂದಿನಿಂದ ಹೊರಡುವುದು. ಇದರಿಂದ ಗಾಡಿಯ ತೂಕವು ನಡುವಿಗೂ ಮುಂದಿನ ಚಕ್ರಕ್ಕೂ ಸರಿದು, ತಿರುವುಗಳಲ್ಲಿ ಚಕ್ರವು ನೆಲವನ್ನು ಬಿಗಿಯಾಗಿ ಹಿಡಿಯುವುದು.

ಪಂದ್ಯದಿಂದ ಬಂದ ಇನ್ನೊಂದು ಉಪಾಯವನ್ನು ಮನೆಯ ಹೆಂಗಸರಿಗೂ ತಿಳಿಯುವಂತೆ ಹೇಳಬಹುದು. ಇಳಿಜಾರಿನಲ್ಲಿ ತುಂಬಿದ ಗಾಡಿಯು ಎತ್ತುಗಳನ್ನು ಹಿಂದಿನಿಂದ ನೂಕಿದರೆ ಎತ್ತು ಮುಗ್ಗರಿಸುವುದಷ್ಟೆ? ವೇಗದಲ್ಲಿ ಓಡುವ ಮೋಟಾರು ಸೈಕಲ್ಲಿನ ಗೇರನ್ನು ತಟಕ್ಕನೆ ಇಳಿಸಿದಾಗಲೂ ಇದೇ ಗತಿ. ಚಕ್ರವು ಎಂಜಿನ್ನನ್ನು ನೂಕಿ, ಎಂಜಿನ್ ಚಕ್ರವನ್ನು ತಡೆದು, ಹಿಂದಿನ ಚಕ್ರವು ನೆಲ ಬಿಟ್ಟು ಕುಪ್ಪಳಿಸುವುದು. ಅಂಥ ಸಮಯದಲ್ಲಿ ತಾನೇ ಸ್ವಲ್ಪ ಜಾರಿಕೊಟ್ಟು ನೂಕುವಿಕೆಯನ್ನು ತಗ್ಗಿಸುವ ಕ್ಲಚ್ಚನ್ನು ಪಂದ್ಯದವರು ಬಳಕೆಗೆ ತಂದರು. ಈಗ ಅದು ಮನೆಮಂದಿಯ ಗಾಡಿಗಳಿಗೂ ಬಂದಿರುವುದು.

ಪಂದ್ಯದಿಂದ ಬೀದಿಗೆ ವಿದ್ಯೆಯು ಹರಿದುಬರುವುದು ಹೊಸತೇನೂ ಅಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಮ್ಯಾನ್ ದ್ವೀಪದಲ್ಲಿ 1907ರಿಂದ ನಡೆಯುತ್ತಿರುವ ಪ್ರಸಿದ್ಧ ಪಂದ್ಯಕ್ಕೆ ಜಪಾನಿನ ಹೋಂಡಾ ಸಂಸ್ಥೆಯವರು 1959ರಲ್ಲಿ ಮೊದಲ ಬಾರಿ ಹೋದರು. 1961ರಲ್ಲಿ ಎರಡು ವರ್ಗಗಳಲ್ಲಿ ಗೆದ್ದರು. ಅಲ್ಲಿಂದ ಮುಂದೆ ಜಪಾನಿನ ಗಾಡಿಗಳಿಗೆ ಲೋಕದ ಬಾಗಿಲೇ ತೆರೆಯಿತು. 1985ರಲ್ಲಿ ಸುಜುಕಿಯವರು ಪಂದ್ಯದ ಅಲ್ಯೂಮಿನಿಯಂ ಚೌಕಟ್ಟನ್ನೇ ಅಳವಡಿಸಿದ ಜಿಎಸ್‌ಎಕ್ಸ್-ಆರ್ 750 ಎಂಬ ಗಾಡಿಯನ್ನು ಸಾಮಾನ್ಯರಿಗೆ ಮಾರಿದ ಮೇಲೆ, ಪಂದ್ಯದ ಗಾಡಿಗೂ ಬೀದಿಯ ಗಾಡಿಗೂ ಇದ್ದ ಅಂತರವು ಬಹಳ ಕಿರಿದಾಯಿತು. ಆದರೆ ಇದರ ಬೆಲೆಯನ್ನೂ ಹೇಳದೆ ಬಿಟ್ಟರೆ ಲೇಖನವು ಅರ್ಧವೇ ಆಗುವುದು. ಆ ದ್ವೀಪದ ಬೆಟ್ಟದ ಮಾರ್ಗದಲ್ಲಿ 1911ರಿಂದ ಈಚೆಗೆ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಸವಾರರು ಪ್ರಾಣವನ್ನು ಕಳೆದುಕೊಂಡಿರುವರು.

ನಮ್ಮ ಕನ್ನಡ ನಾಡಿನ ಮಕ್ಕಳೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ದಕ್ಷಿಣ ಅಮೆರಿಕದ ಮರಳುಗಾಡು ಪರ್ವತಗಳಲ್ಲಿ ನಡೆದ ಡಕಾರ್ ಪಂದ್ಯವನ್ನು ಮುವತ್ತಾರನೆಯವರಾಗಿ ಪೂರೈಸಿದರು. ಮೋಟಾರು ಸೈಕಲ್ಲಿನಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯರು ಅವರೇ. ಕೆ. ಪಿ. ಅರವಿಂದ್ ಅವರು 2019ರಲ್ಲಿ ಅದೇ ಪಂದ್ಯದ ಕೊನೆ ಮುಟ್ಟಿದರು. ಅದೇ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಂಬ ತರುಣಿಯು ಬಾಹಾ ವಿಶ್ವಕಪ್ ಪಂದ್ಯಗಳ ಮಹಿಳಾ ವಿಭಾಗದಲ್ಲಿ ಜಗತ್ತಿಗೇ ಮೊದಲಿಗಳಾದಳು. ಇವರಾರೂ ಹುಡುಗಾಟದಿಂದ ಗೆದ್ದವರಲ್ಲ. ಬಿದ್ದು, ಎದ್ದು, ವೈದ್ಯರ ಮಂಚದ ಮೇಲೆ ತಿಂಗಳುಗಳನ್ನು ಕಳೆದು ಕಲಿತವರು. ವೇಗವು ಅವರ ಪಾಲಿಗೆ ಒಂದು ವ್ರತವೆಂದೇ ಹೇಳಬೇಕು.

ಇನ್ನು ಪ್ರಯಾಣ. ಮಾರ್ಗಶಿರ ಮಾಸದ ಒಂದು ಬೆಳಗ್ಗೆ, ಇಬ್ಬರೂ ತಲೆಗೆ ಹೆಲ್ಮೆಟ್ಟನ್ನು ಬಿಗಿದುಕೊಂಡು ಕಡೂರನ್ನು ಬಿಟ್ಟೆವು. ಹಿಂಬದಿಯ ಆಸನವೆಂಬುದು ಈ ಜಾತಿಯ ಗಾಡಿಗಳಲ್ಲಿ ಹೆಸರಿಗೆ ಮಾತ್ರ. ಮಣೆಗಿಂತ ಕಿರಿದು, ಗೂಡಿಗಿಂತ ಎತ್ತರ. ಹೆದ್ದಾರಿಯು ಸಿಕ್ಕ ಸ್ವಲ್ಪ ದೂರದಲ್ಲಿ ಗಾಡಿಯು ತನ್ನ ಜನ್ಮಗುಣವನ್ನು ತೋರಿಸಿತು. ಅಳಿಯನು ಹಿಡಿಯನ್ನು ಚೂರು ತಿರುವಿದ್ದೇ ತಡ, ರಸ್ತೆಯ ಪಕ್ಕದ ತೆಂಗಿನ ಮರಗಳು ಬೇಲಿಯ ಗೂಟಗಳಂತೆ ಒಂದಕ್ಕೊಂದು ಸೇರಿಕೊಂಡುವು. ಭಯವಾಯಿತೆಂಬುದು ನಿಜ; ಜೊತೆಗೆ ಒಂದು ಬಗೆಯ ಹಿಗ್ಗೂ ಆಯಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ತರುಣರು ಇದಕ್ಕೆ ಮರುಳಾಗುವುದೇಕೆಂಬುದು ನಮಗೆ ಆ ಒಂದು ನಿಮಿಷದಲ್ಲಿ ಅರ್ಥವಾಯಿತು. ಅರ್ಥ ಮಾಡಿಕೊಳ್ಳದೆ ಬೈಯುವ ಹಿರಿಯರ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಹೆದ್ದಾರಿಯನ್ನು ಬಿಟ್ಟು ಎಮ್ಮೆದೊಡ್ಡಿಯ ಕಡೆಗೆ ತಿರುಗಿದ ಮೇಲೆ ನೋಟವೇ ಬೇರೆಯಾಯಿತು. ಎರಡು ಕಡೆಯೂ ರಾಗಿಯ ಹೊಲಗಳು. ಕೆಲವು ಕೊಯ್ಲಾಗಿ ಮೆದೆಗಳೆದ್ದಿದ್ದುವು, ಕೆಲವು ತೆನೆ ಬಾಗಿ ನಿಂತಿದ್ದುವು. ಅಲ್ಲಲ್ಲಿ ಜಾಲಿ, ಕಳ್ಳಿ, ಕುರುಚಲು ಗಿಡ. ಮುಂದೆ ಗಿರಿಗಳ ನೀಲಿ. ಮಳೆಯು ಆ ಗಿರಿಗಳ ಆಚೆಗೆ ಸುರಿದು ಈಚೆಗೆ ಉಳಿದಷ್ಟು ಮಾತ್ರ ಬರುವ ಸೀಮೆಯಿದು. ಆದರೂ ಬೆಟ್ಟದಿಂದಿಳಿದ ನೀರನ್ನು ಹಿರಿಯರು ಕೆರೆಗಳಲ್ಲಿ ಹಿಡಿದಿಟ್ಟರು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಿಂದ ವೇದಾ ನದಿಯೂ, ಎಮ್ಮೆದೊಡ್ಡಿಯ ಸಮೀಪದ ಮದಗದ ಕೆರೆಯಿಂದ ಅವತಿಯೂ ಹೊರಟು, ಮುಂದೆ ಎರಡೂ ಕೂಡಿ ವೇದಾವತಿಯಾಗಿ ಹರಿದು, 1907ರಲ್ಲಿ ಪೂರ್ಣವಾದ ವಾಣೀವಿಲಾಸ ಸಾಗರವನ್ನು ತುಂಬುವುವು. ಮದಗದ ಕೆರೆಗೆ ಮಳೆ ಬಂದ ಹಾಡನ್ನು ಕೇಳದ ಕನ್ನಡಿಗರು ವಿರಳ. ಹಾಡು ನಾಡೆಲ್ಲ ತಿರುಗಿದರೂ ಕೆರೆಯನ್ನು ಕಣ್ಣಾರೆ ಕಂಡವರು ಕಡಿಮೆ. ನಾವು ಅದರ ಏರಿಯ ಮೇಲೆ ಕುಳಿತು ತಂಗಿಯು ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಿದೆವು. ನೀರಿನ ಮೇಲಿಂದ ಬಂದ ತಂಗಾಳಿಗೆ ಬೆನ್ನಿನ ನೋವೆಲ್ಲ ಮರೆತುಹೋಯಿತು.

ಆದರೆ ಆ ದಿನದ ನಿಜವಾದ ಪಾಠವು ಆದದ್ದು ಏರಿಯ ಮೇಲಲ್ಲ, ಹಾದಿಯಲ್ಲಿ. ನಮ್ಮ ಬಯಲು ಸೀಮೆಯ ಹಳ್ಳಿಯ ರಸ್ತೆಯು ರಸ್ತೆ ಮಾತ್ರವಲ್ಲ. ಸುಗ್ಗಿಯ ಕಾಲದಲ್ಲಿ ಅದೇ ಒಕ್ಕಣೆಯ ಕಣ. ಹುರುಳಿ, ರಾಗಿಗಳ ಹುಲ್ಲನ್ನು ಟಾರಿನ ಮೇಲೆ ಹರಡಿ, ಹಾದುಹೋಗುವ ಗಾಡಿಗಳಿಂದಲೇ ತುಳಿಸುವರು. ಲಾರಿಗೂ ಬಸ್ಸಿಗೂ ಅದು ಲೆಕ್ಕಕ್ಕಿಲ್ಲ. ಎರಡು ಚಕ್ರದ ಗಾಡಿಗಾದರೋ ಗಾಜಿನ ಮೇಲೆ ಎಣ್ಣೆ ಹೊಯ್ದಂತೆ. ಪಂದ್ಯದ ಟೈರು ಒಣಗಿದ ಶುದ್ಧವಾದ ಟಾರನ್ನು ಜಿಗುಟಾಗಿ ಹಿಡಿಯುವುದು ನಿಜ. ಹುಲ್ಲು, ಮರಳು, ಸಗಣಿ ಇವುಗಳ ಮೇಲೆ ಅದರ ಪಾಂಡಿತ್ಯವು ನಡೆಯದು. ಅಂಥ ಒಂದು ಕಣವನ್ನು ನಮ್ಮ ಅಳಿಯನು ಕಾಲೂರಿಕೊಂಡೇ ದಾಟಿಸಿದನು. ಅದಾದ ಮೇಲೆ ಜಾಲಿಯ ಮರೆಯ ಒಂದು ತಿರುವಿನಲ್ಲಿ, ಹತ್ತಿಪ್ಪತ್ತು ದನಗಳ ಮಂದೆಯೊಂದು ಇಡೀ ಹಾದಿಯನ್ನು ತುಂಬಿಕೊಂಡು ಎದುರಾಯಿತು. ಅಳಿಯನು ಬ್ರೇಕನ್ನು ಹಿಡಿದನು. ಗಾಡಿಯು ಚಕ್ರ ಜಾರದೆ, ಮುಗ್ಗರಿಸದೆ, ಮುಂದಿನ ಹಸುವಿಗೆ ಎರಡು ಮಾರು ಉಳಿದಿರುವಂತೆ ನಿಂತಿತು. ಆಗ ನಮ್ಮ ವೇಗವು ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ.

ಇಲ್ಲಿ ಲೆಕ್ಕವನ್ನು ಸ್ವಲ್ಪ ವಿಸ್ತರಿಸುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ಅಪಾಯವನ್ನು ಕಂಡು ಕೈಯು ಬ್ರೇಕನ್ನು ಮುಟ್ಟುವುದಕ್ಕೆ ಒಂದು ಸೆಕೆಂಡು ಹಿಡಿಯುವುದೆಂದು ಭಾವಿಸೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿಯೇ ಗಾಡಿಯು ಸುಮಾರು 17 ಮೀಟರು ಹೋಗಿರುವುದು. ಒಣ ಟಾರಿನ ಮೇಲೆ ಒಳ್ಳೆಯ ಬ್ರೇಕು ಅದನ್ನು ನಿಲ್ಲಿಸಲು ಇನ್ನೂ 20 ಮೀಟರು ಬೇಕು. ಒಟ್ಟು 37. ವೇಗವನ್ನು 120ಕ್ಕೆ ಏರಿಸಿದರೆ ಯೋಚನೆಯ ದೂರವು ಎರಡರಷ್ಟು, ಬ್ರೇಕಿನ ದೂರವು ನಾಲ್ಕರಷ್ಟು. ಒಟ್ಟು ಸುಮಾರು 114 ಮೀಟರು. ನಾವು ಕಂಡ ತಿರುವಿನಲ್ಲಿ ಕಣ್ಣಿಗೆ ಬೀಳುತ್ತಿದ್ದ ಹಾದಿಯು ಮುವತ್ತು ಮೀಟರಿಗಿಂತ ಹೆಚ್ಚಿರಲಿಲ್ಲ. ಯಂತ್ರವು ಎಷ್ಟೇ ಉತ್ತಮವಾಗಿರಲಿ, ಕಾಣದ ದೂರದಲ್ಲಿ ಅದನ್ನು ನಿಲ್ಲಿಸುವ ವಿದ್ಯೆಯನ್ನು ಯಾವ ಪಂದ್ಯದವರೂ ಕಂಡುಹಿಡಿದಿಲ್ಲ. ಪಂದ್ಯದ ಮಾರ್ಗದಲ್ಲಿ ಎದುರು ಗಾಡಿಯಿಲ್ಲ, ಹಸುವಿಲ್ಲ, ಶಾಲೆ ಬಿಟ್ಟು ಓಡಿಬರುವ ಮಗುವಿಲ್ಲ. ಅದೇ ತಿರುವನ್ನು ದಿನಕ್ಕೆ ನೂರು ಸಾರಿ ಸುತ್ತುವರು. ನಮ್ಮ ಹಾದಿಯಲ್ಲಾದರೋ ಪ್ರತಿಯೊಂದು ತಿರುವೂ ಪ್ರತಿದಿನವೂ ಹೊಸದು.

ಇನ್ನೊಂದು ಸಂಗತಿ. ನಮ್ಮನ್ನು ಆ ಹೊತ್ತು ಕಾಪಾಡಿದ ಬ್ರೇಕು, ಅಂದರೆ ಚಕ್ರವು ಕಟ್ಟಿಕೊಳ್ಳದಂತೆ ತಾನೇ ಹಿಡಿದು ಬಿಡುವ ಎಬಿಎಸ್ ಎಂಬ ಉಪಕರಣವು, ಪಂದ್ಯದಿಂದ ಹುಟ್ಟಿದುದಲ್ಲ. ಅದರ ಮೂಲವು ವಿಮಾನದ ಚಕ್ರಗಳಲ್ಲಿರುವುದು. ಮೋಟಾರು ಸೈಕಲ್ಲಿಗೆ 1988ರಲ್ಲಿ ಬಂದಿತು. ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆಲ್ಲ 2019ರಿಂದ ಅದು ಕಡ್ಡಾಯವಾಯಿತು. ಹೆಲ್ಮೆಟ್ಟಿನ ಕಥೆಯು ಇನ್ನೂ ಮನಕರಗಿಸುವಂಥದು. 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಆಂಗ್ಲನು ತನ್ನ ಕಾಲದ ಅತಿವೇಗದ ಗಾಡಿಯಾದ ಬ್ರೌ ಸುಪೀರಿಯರ್ ಮೇಲೆ ಹೋಗುತ್ತ, ಹಳ್ಳಿಯ ಹಾದಿಯಲ್ಲಿ ಸೈಕಲ್ಲಿನ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬಿದ್ದು, 1935ರಲ್ಲಿ ತಲೆಯ ಪೆಟ್ಟಿನಿಂದ ಸತ್ತನು. ಅವನ ಚಿಕಿತ್ಸೆಗೆ ಬಂದವರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸ್ ಎಂಬ ವೈದ್ಯನು ಆ ಸಾವನ್ನು ಮರೆಯದೆ, ವರ್ಷಗಟ್ಟಲೆ ಅಭ್ಯಾಸ ಮಾಡಿ, ಹೆಲ್ಮೆಟ್ಟಿನಿಂದ ಎಷ್ಟೋ ಜೀವಗಳು ಉಳಿಯುವುವೆಂದು ಲೋಕಕ್ಕೆ ತೋರಿಸಿಕೊಟ್ಟನು. ಹೀಗಿದ್ದರೂ 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 74,897 ಮಂದಿ ಎರಡು ಚಕ್ರದ ಗಾಡಿಯವರು; ಅದೇ ವರ್ಷ ಹೆಲ್ಮೆಟ್ಟಿಲ್ಲದೆ ಸತ್ತವರು ಐವತ್ತು ಸಾವಿರ. ಇವರಲ್ಲಿ ಪಂದ್ಯದ ಗಾಡಿಯವರೇ ಎಲ್ಲರೂ ಅಲ್ಲ. ಸಂತೆಗೆ, ಕೂಲಿಗೆ, ಕಛೇರಿಗೆ ಹೊರಟವರೇ ಹೆಚ್ಚು. ಆದುದರಿಂದ ತಾಯಂದಿರ ಭಯವನ್ನು ಮೌಢ್ಯವೆಂದು ನಗುವುದು ಸಲ್ಲದು. ಆ ಭಯವು ಒಂದು ಜಾತಿಯ ಗಾಡಿಗೆ ಮಾತ್ರ ಸೀಮಿತವಾಗುವುದೂ ಸಲ್ಲದು.

ಮಂದೆಯು ದಾಟುವವರೆಗೆ ಗಾಡಿಯನ್ನು ನಿಲ್ಲಿಸಿದ್ದಾಗ ದನ ಕಾಯುತ್ತಿದ್ದ ವೃದ್ಧರೊಬ್ಬರು ಹತ್ತಿರ ಬಂದು ಅದನ್ನು ಸುತ್ತಲೂ ನೋಡಿದರು. "ಏನಪ್ಪಾ ತಮ್ಮಾ, ಇದರಲ್ಲಿ ರಾಗಿ ಮೂಟೆ ಎಲ್ಲಿಡ್ತೀಯಪ್ಪಾ?" ಎಂದು ಕೇಳಿದರು. ಅಳಿಯನು ನಕ್ಕು, "ಮೂಟೆಗಲ್ಲ ಅಜ್ಜಾ, ಇದು ಓಟಕ್ಕೆ" ಎಂದನು. ಅವರು ತಲೆದೂಗಿ, "ಓಟದ ಹೋರಿ ನಾವೂ ಕಟ್ಟಿದ್ವಿ ಕಣಪ್ಪಾ. ನಿಲ್ಸೋದು ಕಲಿಯೋಗಂಟ ನಮ್ಮಪ್ಪ ಹಗ್ಗಾನೇ ಕೈಗೆ ಕೊಡ್ತಿರ್ಲಿಲ್ಲ" ಎಂದು ಹೇಳಿ, ದನಗಳ ಹಿಂದೆ ಹೊರಟುಹೋದರು. ಅಳಿಯನು ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಸಂಜೆ ಮನೆಗೆ ಬಂದು ತಂಗಿಯ ಮುಂದೆ ನಮ್ಮ ತೀರ್ಪನ್ನು ಹೇಳಿದೆವು. ಗಾಡಿಯು ಕೆಟ್ಟದ್ದಲ್ಲ, ಅದರ ಚೌಕಟ್ಟು, ಟೈರು, ಬ್ರೇಕುಗಳು ಅಗ್ಗದ ಗಾಡಿಗಳಿಗಿಂತ ಮೇಲು. ಆದರೆ ಅದು ಹುಟ್ಟಿದ್ದು ಬೇರೊಂದು ಹಾದಿಗಾಗಿ. ಅದನ್ನು ಕೊಳ್ಳುವುದಾದರೆ ಗಾಡಿಯ ಹಣಕ್ಕಿಂತ ಮುಂಚೆ ಮೂರು ಖರ್ಚುಗಳಾಗಬೇಕು. ಮೊದಲನೆಯದು, ಪಂದ್ಯದ ಮಾರ್ಗದಲ್ಲಿಯೇ ಗುರುಮುಖವಾಗಿ ಸವಾರಿಯ ಶಿಕ್ಷಣ. ನಮ್ಮ ನೆರೆಯ ಚೆನ್ನೈ ಮತ್ತು ಕೊಯಮತ್ತೂರುಗಳಲ್ಲಿ ಅಂಥ ಮಾರ್ಗಗಳಿರುವುವು. ಎರಡನೆಯದು, ತಲೆಯಿಂದ ಪಾದದವರೆಗೆ ಮೈಗಾಪು. ಮೂರನೆಯದು ಹಣದ ಖರ್ಚಲ್ಲ, ಅಭಿಮಾನದ ಖರ್ಚು: ಊರ ಹಾದಿಯಲ್ಲಿ ದನಕ್ಕೂ ಗಾಡಿಗೂ ಕಣಕ್ಕೂ ತಾನೇ ದಾರಿ ಬಿಡುವೆನೆಂಬ ಮಾತು. ವೇಗದ ಬಯಕೆಯು ತೀರದಿದ್ದರೆ ಅದನ್ನು ಪಂದ್ಯದ ಮಾರ್ಗದಲ್ಲಿ ತೀರಿಸಿಕೊಳ್ಳಲಿ.

ತಂಗಿಯು ಬಹಳ ಹೊತ್ತು ಸುಮ್ಮನಿದ್ದು, "ಶಿಕ್ಷಣ ಮೊದಲಾಗಲಿ. ಗಾಡಿಯ ಮಾತು ಯುಗಾದಿಗೆ" ಎಂದಳು. ಅಳಿಯನು ಒಪ್ಪಿದನು, ಉಳಿಸಿದ ಹಣದಲ್ಲಿ ಒಂದು ಭಾಗವನ್ನು ಮೊದಲು ಶಿಕ್ಷಣಕ್ಕೇ ತೆಗೆದಿಟ್ಟಿರುವನು. ಯುಗಾದಿಗೆ ಏನಾಗುವುದೋ ಹೇಳಲು ನಾವು ಜ್ಯೋತಿಷಿಗಳಲ್ಲ. ಮನೆಯಲ್ಲಿ ಇಂಥದೇ ವಾದವು ನಡೆದಿರುವ ತಂದೆತಾಯಿಗಳಿಗೆ ನಮ್ಮ ಸೂಚನೆಯು ಇಷ್ಟೆ: ಮಗನು ಕೇಳುವ ಗಾಡಿಯು ಎಷ್ಟು ಓಡುವುದೆಂದು ವಿಚಾರಿಸಬೇಡಿ, ಅದನ್ನು ಅವನಾಗಿಯೇ ಹೇಳುವನು. ಅದನ್ನು ಎಷ್ಟು ದೂರದಲ್ಲಿ ನಿಲ್ಲಿಸಬಲ್ಲೆ ಎಂದು ಕೇಳಿ. ಒಂದು ಭಾನುವಾರ ಬರಿದಾದ ಮೈದಾನಕ್ಕೆ ಅವನ ಜೊತೆಯಲ್ಲಿಯೇ ಹೋಗಿ, ನಿಲ್ಲಿಸಿ ತೋರಿಸೆನ್ನಿ.